ಮೇಯರ್ ಮುಂದಿನ ಮಾರಯ್ಯ

ಆ ಕಾಲದ ಬೆಂಗಳೂರಿನಲ್ಲಿ ಮೇಯರನ್ನು ನೋಡಿದೆ ಎಂದು ಹೇಳಿಕೊಳ್ಳುವವರೆಲ್ಲ ನಿಜವಾಗಿ ಮೊದಲು ನೋಡಿದ್ದು ಕತ್ರಿಗುಪ್ಪೆಯ ಮಾರಯ್ಯನನ್ನು. ಮಾರಯ್ಯ ಕಾರ್ಪೊರೇಷನ್ನಿನಲ್ಲಿ ಮೇಯರರ ದಫೇದಾರ್. ಬಿಳಿಯ ಉದ್ದ ಕೋಟು, ಎದೆಗೆ ಅಡ್ಡಲಾಗಿ ಕೆಂಪು ಡವಾಲಿ, ಅದರ ಮೇಲೆ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಅಕ್ಷರ ಸವೆದುಹೋದ ಹಿತ್ತಾಳೆ ಬಿಲ್ಲೆ, ತಲೆಗೆ ಜರಿಯಂಚಿನ ರುಮಾಲು. ಆಳು ನೋಡಿದರೆ ಬಾಗಿಲ ಚೌಕಟ್ಟಿನಷ್ಟು ಎತ್ತರ. ಮೀಸೆಯ ವಿಚಾರವಂತೂ ಹೇಳುವುದೇ ಬೇಡ. ಕಾರು ನಿಂತ ಕೂಡಲೇ ಮುಂದಿನ ಸೀಟಿನಿಂದ ಇಳಿದು, ಹಿಂದಿನ ಬಾಗಿಲು ತೆಗೆದು, "ದಾರಿ ಬಿಡಿ" ಎಂದು ಒಂದು ಮಾತು ಹೇಳಿ ನಡೆದನೆಂದರೆ ಜನ ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದರು. ಹಾರ ಹಿಡಿದು ಕಾದವರು ಎಷ್ಟೋ ಸಲ ಅದನ್ನು ಅವನ ಕೊರಳಿಗೇ ಹಾಕಿಬಿಟ್ಟದ್ದುಂಟು. ಮಾರಯ್ಯ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ ಹಾರ ತೆಗೆದು, ಹಾಕಿದವರ ಕೈಗೇ ಕೊಟ್ಟು, ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸುತ್ತಿದ್ದ.

ಮೇಯರುಗಳಾದರೋ ವರ್ಷಕ್ಕೊಬ್ಬರಂತೆ ಬದಲಾಗುವವರು. ದಪ್ಪಗಿದ್ದವರು, ಸಣ್ಣಗಿದ್ದವರು, ಭಾಷಣ ಶುರು ಮಾಡಿದರೆ ನಿಲ್ಲಿಸಲು ಗೊತ್ತಿಲ್ಲದವರು, ಶುರು ಮಾಡಲೇ ಗೊತ್ತಿಲ್ಲದವರು, ಎಲ್ಲರೂ ಬಂದು ಹೋದರು. ಮೇಯರರ ಗೌನಿನೊಳಗಿನ ಮನುಷ್ಯ ಬದಲಾಗುತ್ತಿದ್ದರೂ ಮುಂದೆ ನಡೆಯುವ ಮಾರಯ್ಯ ಬದಲಾಗುತ್ತಿರಲಿಲ್ಲ. ಆದ್ದರಿಂದ ಮಾರಯ್ಯನೇ ಖಾಯಂ ಮೇಯರು, ಹಿಂದೆ ಬರುವವರು ಅವನ ಕಡೆಯ ನೆಂಟರು ಎಂದು ಯಾರಾದರೂ ತಿಳಿದಿದ್ದರೆ ಅವರನ್ನು ಬೈಯುವ ಹಾಗಿರಲಿಲ್ಲ.

ಊರಿನವರಿಗೂ ಸುಮಾರಾಗಿ ಅದೇ ನಂಬಿಕೆ. ಚರಂಡಿ ಕಟ್ಟಿಕೊಂಡರೆ ಮಾರಯ್ಯನ ಮನೆಗೆ ಬರುತ್ತಿದ್ದರು. ನಾಯಿ ಹೆಚ್ಚಾದರೆ, ಸೊಳ್ಳೆ ಹೆಚ್ಚಾದರೆ, ಬೀದಿ ದೀಪ ಹಗಲು ಉರಿದು ಸಂಜೆ ಆರಿಹೋದರೆ, ಎಲ್ಲಕ್ಕೂ ಮಾರಯ್ಯನೇ. ಅವನು ಜಗುಲಿಯ ಮೇಲೆ ಬನಿಯನ್ನಿನಲ್ಲಿ ಕೂತು ಎಲ್ಲವನ್ನೂ ಕೇಳಿ, ಮೀಸೆ ನೀವಿ, "ಗಮನಕ್ಕೆ ತರೋಣ" ಎನ್ನುತ್ತಿದ್ದ. ಜನ ಸಮಾಧಾನದಿಂದ ಹೋಗುತ್ತಿದ್ದರು. ನಿಜ ಸಂಗತಿಯೆಂದರೆ, ಅಷ್ಟು ವರ್ಷದ ನೌಕರಿಯಲ್ಲಿ ಅವನು ಮೇಯರುಗಳಿಗೆ "ಬನ್ನಿ ಸಾರ್", "ಆಯ್ತು ಸಾರ್", "ಕರೀತೀನಿ ಸಾರ್" ಇಷ್ಟನ್ನು ಬಿಟ್ಟು ಬೇರೆ ಮಾತು ಆಡಿರಲಿಲ್ಲ. ಬೆಲ್ ಹೊಡೆದರೆ ಒಳಗೆ ಹೋಗುವುದು, ಯಾರನ್ನೋ ಕರೆತಾ ಎಂದರೆ ಕರೆತರುವುದು. ಕತ್ರಿಗುಪ್ಪೆಯ ಸೊಳ್ಳೆಯ ವಿಷಯ ಆ ಮಾತುಗಳ ನಡುವೆ ತೂರಿಸಲು ಜಾಗವೇ ಇರಲಿಲ್ಲ.

ಈ ದೊಡ್ಡಸ್ತಿಕೆಯನ್ನು ಮೂರು ಕಾಸಿಗೂ ಲೆಕ್ಕಕ್ಕಿಡದೆ ಇದ್ದವಳು ಅವನ ಹೆಂಡತಿ ಕೆಂಪಕ್ಕ ಒಬ್ಬಳೇ. ಅವಳ ಪ್ರಕಾರ ಮೇಯರ್ ಎಂದರೆ ತನ್ನ ಗಂಡನನ್ನು ಹಬ್ಬದ ದಿನ ಮನೆಯಿಂದ ಎಳೆದುಕೊಂಡು ಹೋಗುವ ಒಂದು ಪೀಡೆ. ಉಗಾದಿಗೆ ಒಬ್ಬಟ್ಟು ತಟ್ಟುವ ಹೊತ್ತಿಗೆ ಮೇಯರು ಎಲ್ಲೋ ಪಾರ್ಕು ಉದ್ಘಾಟಿಸುತ್ತಿರುತ್ತಿದ್ದರು. ದೀಪಾವಳಿಗೆ ನೀರು ತುಂಬುವ ಹೊತ್ತಿಗೆ ಇನ್ನೆಲ್ಲೋ ಟೇಪು ಕತ್ತರಿಸುತ್ತಿರುತ್ತಿದ್ದರು. ನಡುವೆ ಕೆಲವು ವರ್ಷ ಚುನಾವಣೆಯೇ ಆಗದೆ, ಮೇಯರೂ ಇಲ್ಲದೆ, ಆಡಳಿತಾಧಿಕಾರಿಗಳ ಕಾರುಬಾರು ನಡೆಯಿತಲ್ಲ, ಆಗ ಪೇಪರಿನಲ್ಲಿ ದೊಡ್ಡವರೆಲ್ಲ ಪ್ರಜಾಪ್ರಭುತ್ವದ ಬಗ್ಗೆ ಕಣ್ಣೀರಿಟ್ಟರು. ಮಾರಯ್ಯನೂ ಹಿಂದೆ ಬರುವವರು ಯಾರೂ ಇಲ್ಲದೆ ಸೊರಗಿದ. ಕೆಂಪಕ್ಕನಿಗೆ ಮಾತ್ರ ಅದು ಸಂಸಾರದ ಸುಖದ ಕಾಲ. ಗಂಡ ಹೊತ್ತು ಮುಳುಗುವ ಮುಂಚೆ ಮನೆಗೆ ಬಂದು ಮುದ್ದೆ ಉಣ್ಣುತ್ತಿದ್ದ.

ಆದರೆ ಅವಳ ಹೊಟ್ಟೆಯೊಳಗೆ ನಿಜವಾಗಿ ಕೂತಿದ್ದ ಉರಿ ಮಗಳು ಜಯಾಳದು. ಜಯಾ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಓಟದಲ್ಲಿ ಗೆದ್ದಿದ್ದಳು. ಬಹುಮಾನ ಕೊಡಲು ಬಂದವರು ಮೇಯರು. ವೇದಿಕೆಯ ಮೇಲೆ ಅವರ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತವನು ಮಾರಯ್ಯ. ಮಗಳು ಹತ್ತಿ ಬಂದಳು, ತಟ್ಟೆಯಿಂದ ಸ್ಟೀಲ್ ಲೋಟ ಎತ್ತಿ ಮೇಯರು ಕೊಟ್ಟರು, ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಡ್ಯೂಟಿಯಲ್ಲಿದ್ದ; ಎದುರಿನ ಗೋಡೆ ನೋಡುತ್ತ ಕಂಬದಂತೆ ನಿಂತಿದ್ದ. ಹುಡುಗಿ ಮನೆಗೆ ಬಂದು, "ಅಪ್ಪ ನನ್ನ ಗುರ್ತೇ ಹಿಡೀಲಿಲ್ಲ ಕಣವ್ವಾ" ಎಂದು ಅತ್ತಳು. ಆ ಲೋಟದಲ್ಲಿ ಮಾರಯ್ಯ ನೀರು ಕುಡಿಯದಂತೆ ಕೆಂಪಕ್ಕ ಬಹಳ ಕಾಲ ನೋಡಿಕೊಂಡಳು.

ಜಯಾ ದೊಡ್ಡವಳಾಗಿ, ಎಂಬತ್ತರ ದಶಕದ ನಡುವೆ ಅವಳ ಮದುವೆ ಗೊತ್ತಾಯಿತು. ಹುಡುಗ ಚಿನ್ನಪ್ಪ, ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮನೆಯ ಮುಂದೆ ಬೀದಿಯಲ್ಲೇ ಚಪ್ಪರ ಹಾಕುವುದು ಎಂದಾಯಿತು. ಅಂದು ಕೆಂಪಕ್ಕ ಗಂಡನನ್ನು ಕೂರಿಸಿಕೊಂಡು ಮಾತಾಡಿದಳು.

"ನೋಡಿ, ಇದುವರ್ಗೂ ನಾನು ಏನೂ ಕೇಳಿಲ್ಲ. ಧಾರೆ ಹೊತ್ಗೆ ನೀವು ಹಸೆ ಹತ್ರ ಕೂತಿರ್ಬೇಕು. ಮಗಳ ಕೈ ಹಿಡ್ಕೊಂಡು ಕೂತಿರ್ಬೇಕು. ಅಷ್ಟೇಯ."

"ಇದೇನು ಹೇಳೋ ಮಾತಾ? ರಜಾ ಹಾಕ್ತೀನಿ. ನನ್ ಮಗಳ ಮದುವೇಲಿ ನಾನು ಕೂರದೆ ಇನ್ಯಾರು ಕೂರ್ತಾರೆ?"

"ಮೇಯರ್‌ನ ಕರೀಬ್ಯಾಡಿ."

"ನಾನ್ಯಾಕೆ ಕರೀಲಿ?" ಎಂದ ಮಾರಯ್ಯ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಕೆಡಿಸಿದವರು ಬೋರಣ್ಣ. ಹಿಂದೆ ಹೊಲ ಇದ್ದ ಕಡೆಯೆಲ್ಲ ವಠಾರ ಕಟ್ಟಿಸಿ ಬಾಡಿಗೆಗೆ ಬಿಟ್ಟ ಕುಳ. ಮಾರಯ್ಯನ ಬೀದಿಗೆ ಅವರು ಕಾಲಿಟ್ಟಿದ್ದೇ ಅಪರೂಪ, ಅವನ ಜಗುಲಿಯ ಮೇಲೆ ಕೂತದ್ದಂತೂ ಇಲ್ಲವೇ ಇಲ್ಲ. ಒಂದು ಭಾನುವಾರ ಬಂದು ಕೂತರು. ಕೂತದ್ದಲ್ಲದೆ ಕಾಫಿಯನ್ನೂ ಕೇಳಿ ಕುಡಿದರು. ಕೆಂಪಕ್ಕನಿಗೆ ಆಗಲೇ ಏನೋ ಅನುಮಾನ ಬಂತು.

"ಮಾರಯ್ಯ, ಈ ಬೀದಿ ನೋಡಿದೀಯಾ? ಮಳೆ ಬಂದ್ರೆ ಎಮ್ಮೆ ಈಜ್ತವೆ. ಮುಂದೆ ನನ್ನ ವಠಾರ ಐತೆ, ಬಾಡಿಗೇವ್ರು ಬಂದು ನೋಡ್ಕೊಂಡು ವಾಪಸ್ ಹೋಗ್ತಾರೆ."

"ಗಮನಕ್ಕೆ ತರೋಣ ಬೋರಣ್ಣೋರೆ."

"ಗಮನ ಬ್ಯಾಡ, ಮೇಯರ್‌ನೇ ತಗೊಂಡ್ ಬಾ. ಮದುವೆಗೆ ಮೇಯರ್ ಬರ್ತಾರೆ ಅಂದ್ರೆ ಟಾರು ತಾನಾಗೇ ಬತ್ತದೆ. ನೀನೇನೂ ಕೇಳ್ಬೇಡ. ನಾವೇ ಹೋಗಿ ಕರೀತೀವಿ. ನೀನು ಸುಮ್ಕಿರು, ಸಾಕು."

ಸುಮ್ಮನಿರುವುದು ಮಾರಯ್ಯನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ. ಅಲ್ಲದೆ, ಇಷ್ಟು ವರ್ಷ ಬೀದಿಯವರ ದೂರುಗಳನ್ನೆಲ್ಲ ಗಮನಕ್ಕೆ ತರದೆ ಇಟ್ಟುಕೊಂಡೆನೆಂಬ ಒಂದು ಸಣ್ಣ ಅಳುಕು ಅವನಿಗಿತ್ತು. ಅದಕ್ಕಿಂತ ಮಿಗಿಲಾಗಿ, ಗಂಡಿನ ಕಡೆಯವರ ಮುಂದೆ ತನ್ನ ಚಪ್ಪರಕ್ಕೆ ಮೇಯರು ಬಂದು ನಿಲ್ಲುವ ಚಿತ್ರ ಕಣ್ಣಿಗೆ ಕಟ್ಟಿತು. ಆಸೆಯಾಯಿತು, ಅಷ್ಟೇ. ಅದರಲ್ಲಿ ಮುಚ್ಚಿಡುವಂಥದ್ದೇನಿದೆ?

ಬೋರಣ್ಣನ ಜೊತೆ ಹತ್ತಾರು ಜನ ಹಣ್ಣು ಹಿಡಿದು ಕಾರ್ಪೊರೇಷನ್ನಿಗೆ ಹೋದರು. ಅವರನ್ನು ಮೇಯರರ ಕೋಣೆಯೊಳಗೆ ಬಿಟ್ಟವನು ಮಾರಯ್ಯನೇ. "ನಮ್ಮ ಮಾರಯ್ಯನ ಮಗಳ ಮದುವೆ, ಬರ್ದೇ ಇರ್ತೀನಾ?" ಎಂದರು ಮೇಯರು. ಮಾರಯ್ಯ ಎದುರಿನ ಗೋಡೆ ನೋಡುತ್ತ ನಿಂತಿದ್ದ. ಮೀಸೆಯ ತುದಿ ಮಾತ್ರ ಸ್ವಲ್ಪ ಅಲ್ಲಾಡಿತು ಎಂದು ಬೋರಣ್ಣ ಆಮೇಲೆ ಹೇಳಿಕೊಂಡು ತಿರುಗಿದರು.

ಬೀದಿಗೆ ಕಳೆ ಬಂತು. ಮೊದಲು ಚರಂಡಿಯ ಹೂಳು ಎತ್ತಿದರು. ಆಮೇಲೆ ಲಾರಿಯಲ್ಲಿ ಜಲ್ಲಿ ಬಂತು. ಆಮೇಲೆ ರೋಡ್ ರೋಲರ್ ಬಂದು, ಚಪ್ಪರ ಹಾಕಬೇಕಾದ ಜಾಗದಲ್ಲೇ ನಿಂತು, ಅಲ್ಲೇ ಕೆಟ್ಟಿತು. ಅಷ್ಟರಲ್ಲಿ ಮೇಯರರ ವರ್ಷ ಮುಗಿಯಿತು. ಹೊಸ ಮೇಯರು ಬಂದರು. ಅರ್ಧ ಜಲ್ಲಿ ಹಾಸಿದ ಬೀದಿಯನ್ನೂ ನಿಂತ ರೋಲರನ್ನೂ ನೋಡಿ ಬೋರಣ್ಣನಿಗೆ ದಿಗಿಲಾಯಿತು. ಓಡಿಹೋಗಿ ಹೊಸ ಮೇಯರರ ಪಿ.ಎ.ಯನ್ನು ಕಂಡು, ಹಳೆಯವರು ಒಪ್ಪಿಕೊಂಡ ಕಾರ್ಯಕ್ರಮವನ್ನು ಹೊಸಬರ ತಲೆಗೆ ಕಟ್ಟಿ ಬಂದರು. ಯಾರ ಮಗಳ ಮದುವೆ ಎಂದು ಹೇಳುವುದು ಆ ಗಡಿಬಿಡಿಯಲ್ಲಿ ಮರೆತೇ ಹೋಯಿತು. ಹೊಸ ಮೇಯರರಿಗೆ ಗೊತ್ತಿದ್ದದ್ದು ಇಷ್ಟೇ: ಕತ್ರಿಗುಪ್ಪೆಯಲ್ಲಿ ಒಂದು ಮದುವೆ, ಅಲ್ಲೊಂದು ರಸ್ತೆ. ಒಂದೇ ವಾರದಲ್ಲಿ ಟಾರು ಬಂತು, ರೋಲರ್ ರಿಪೇರಿಯಾಗಿ ಹೋಯಿತು, ಬೀದಿಯ ಎರಡು ಅಂಚಿಗೂ ಬ್ಲೀಚಿಂಗ್ ಪೌಡರ್ ಗೆರೆ ಬಿತ್ತು. ಗೋವಿಂದಮ್ಮ ಎಂಬ ಪಕ್ಕದ ಮನೆಯಾಕೆ ರಂಗೋಲಿ ಎಂದುಕೊಂಡು ಅದರ ಪಕ್ಕದಲ್ಲಿ ಹೂವನ್ನೂ ಬರೆದಳು.

ಸುದ್ದಿ ಕೇಳಿ ಕೆಂಪಕ್ಕ ಎರಡು ದಿನ ಗಂಡನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ, "ಯಾರು ಬಾಗ್ಲು ತೆಗೀತಾರೆ?" ಎಂದು ಕೇಳಿದಳು.

"ಹನುಮಯ್ಯ ಅಂತ ಇದಾನೆ, ನನ್ ಕೈಕೆಳಗಿನೋನು. ಅವತ್ತು ಅವಂದೇ ಡ್ಯೂಟಿ. ನಾನು ಕೂತಿರ್ತೀನಿ, ಮೇಯರ್ ಬರ್ತಾರೆ, ಅಕ್ಷತೆ ಹಾಕ್ತಾರೆ, ಹೋಗ್ತಾರೆ. ನಾನು ಅಲ್ಲಾಡಲ್ಲ."

"ಹಸೆ ಹತ್ರ ಕೂತಿರ್ತೀರಾ?"

"ಕೂತಿರ್ತೀನಿ ಅಂದ್ನಲ್ಲ."

ಮದುವೆಯ ದಿನ ಬೆಳಿಗ್ಗೆ ಮಾರಯ್ಯ ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ಮೈಸೂರು ಪೇಟ ಇಟ್ಟುಕೊಂಡು ಹಸೆಯ ಪಕ್ಕದಲ್ಲಿ ಕೂತ. ಕೂತವನು ನೋಡಲು ಲಕ್ಷಣವಾಗಿದ್ದ. ಮೈಕ್ ಸೆಟ್ಟಿನವನು ಬೆಳಗಿನಿಂದ ಹಾಡು ಹಾಕಿ ಕತ್ರಿಗುಪ್ಪೆಯ ಕಿವಿ ತೂತು ಮಾಡುತ್ತಿದ್ದ. ಮದುವೆ ಮಾಡಿಸುವ ಹಿರಿಯ ಸಂಜೀವಯ್ಯ ಹರಿವಾಣ, ತೆಂಗಿನಕಾಯಿ, ಹಾಲಿನ ಗಿಂಡಿ ಎಲ್ಲ ಜೋಡಿಸಿಕೊಂಡರು. ಕೆಂಪಕ್ಕ ಗಂಡನ ಕಡೆ ನೋಡಿದಳು. ಅವನು ಕೂತೇ ಇದ್ದ. ಅವಳಿಗೆ ಮೊದಲ ಸಲ ಸ್ವಲ್ಪ ನಗು ಬಂತು.

ಆಗ ಬೀದಿಯ ತುದಿಯಲ್ಲಿ ಕಾರಿನ ಹಾರ್ನ್ ಕೇಳಿತು.

ಆದದ್ದು ಇಷ್ಟು. ಒಳ್ಳೆಯ ಮುಹೂರ್ತದ ದಿನ, ಮೇಯರರಿಗೆ ಬೇರೆ ಬೇರೆ ಕಡೆ ಮದುವೆಗಳಿದ್ದವು. ಜಯನಗರದ ಮದುವೆಯಲ್ಲಿ ಹನುಮಯ್ಯ ಪಂಕ್ತಿಯಲ್ಲಿ ಕೂತು ಕೇಸರಿಬಾತು ಹಾಕಿಸಿಕೊಳ್ಳುವಾಗ ಕಾರು ಹೊರಟುಬಿಟ್ಟಿತ್ತು. ಈಗ ಚಪ್ಪರದ ಮುಂದೆ ಕಾರು ನಿಂತಿತು. ಮುಂದಿನ ಸೀಟು ಖಾಲಿ. ಹಿಂದಿನ ಬಾಗಿಲು ಮುಚ್ಚಿತ್ತು. ಬೋರಣ್ಣ ಹಾರ ಹಿಡಿದು ಕಾದರು. ಬಾಗಿಲು ತೆರೆಯಲಿಲ್ಲ. ಒಳಗಿದ್ದ ಮೇಯರರೂ, ಯಾರೋ ತೆಗೆಯುತ್ತಾರೆಂದು ಕಾಯುತ್ತ ಕೂತಿದ್ದರು.

ಮಾರಯ್ಯ ಅಷ್ಟು ದೂರದಿಂದ ಆ ಮುಚ್ಚಿದ ಬಾಗಿಲನ್ನು ನೋಡಿದ. ಅವನ ಮನಸ್ಸು ಕೂತೇ ಇತ್ತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಎದ್ದದ್ದು ಕಾಲು. ಕೆಂಪಕ್ಕ ಶಲ್ಯ ಹಿಡಿದಳು; ಶಲ್ಯ ಅವಳ ಕೈಯಲ್ಲಿ ಉಳಿಯಿತು, ಮಾರಯ್ಯ ಆಗಲೇ ಕಾರಿನ ಬಾಗಿಲು ತೆಗೆಯುತ್ತಿದ್ದ.

"ಏನ್ರೀ ಮಾರಯ್ಯ, ಇಲ್ಲಿ ನೀವು ಬಂದಿದೀರಾ?" ಎಂದರು ಮೇಯರು. ಅವರಿಗೆ ನಿಜಕ್ಕೂ ಹಾಯೆನಿಸಿತ್ತು.

"ಹೌದು ಸಾರ್. ಬನ್ನಿ ಸಾರ್. ದಾರಿ ಬಿಡಿ, ದಾರಿ ಬಿಡಿ."

ದಾರಿ ಬಿಟ್ಟವರೆಲ್ಲ ಅವನ ಸ್ವಂತ ನೆಂಟರು. ಸೋದರಮಾವ, ಚಿಕ್ಕಪ್ಪ, ಷಡ್ಡಕ, ಎಲ್ಲರೂ ಪಕ್ಕಕ್ಕೆ ಸರಿದರು. ಬೀಗರು ಎದ್ದು ನಿಂತರು. ಮೇಯರರಿಗೆ ಹಸೆಯ ಎದುರಿಗೆ ಕೆಂಪು ಕುರ್ಚಿ ಹಾಕಿದ್ದರು. ಅವರು ಕೂತರು. ಮಾರಯ್ಯ ಕುರ್ಚಿಯ ಹಿಂದೆ, ಎಡಕ್ಕೆ ಒಂದು ಹೆಜ್ಜೆ ಬಿಟ್ಟು, ಕೈಕಟ್ಟಿ ನಿಂತ. ಹಸೆಯ ಮೇಲೆ ಜಯಾ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅಪ್ಪ ಚಪ್ಪರದ ಆಚೆಯ ಕಂಬವನ್ನು ನೋಡುತ್ತಿದ್ದ.

"ಹೊತ್ತು ಮೀರ್ತೈತೆ. ಹೆಣ್ಣಿನ ತಂದೆ ಬರ್ಬೇಕು," ಎಂದರು ಸಂಜೀವಯ್ಯ. ಅವರ ಕಣ್ಣು ಮೊದಲೇ ಅಷ್ಟಕ್ಕಷ್ಟೆ.

ಮೇಯರರು ಸುತ್ತ ನೋಡಿ, ಹೊಣೆ ತಿಳಿದ ಮನುಷ್ಯನಂತೆ ಹಿಂದಕ್ಕೆ ತಿರುಗಿದರು. "ಹೆಣ್ಣಿನ ತಂದೆ ಎಲ್ಲಿ ಮಾರಯ್ಯ? ಮುಹೂರ್ತಕ್ಕೆ ಕಾಯ್ತಾ ಇದಾರೆ."

"ಕರೀತೀನಿ ಸಾರ್," ಎಂದ ಮಾರಯ್ಯ.

ಎಂದು ಹೇಳಿ ಹೊರಟ. ನೋಡಿದವರು ಇವತ್ತಿಗೂ ಹೇಳುತ್ತಾರೆ, ತಮಾಷೆಗೆ ಹೋದದ್ದಲ್ಲ, ಹುಡುಕಲಿಕ್ಕೇ ಹೋದದ್ದು. ಚಪ್ಪರದ ಸಾಲುಗಳ ನಡುವೆ ಎರಡು ಕಡೆಗೂ ಕತ್ತು ತಿರುಗಿಸುತ್ತ ಹೋದ. ಬೀಗರ ಕೋಣೆಗೆ ಇಣುಕಿದ. ಮನೆಯ ಹಿಂದೆ ಅಡುಗೆ ಮಾಡುವ ಕಡೆ ಹೋದ. ಅಲ್ಲಿ ಅಡುಗೆ ಪಾಪಯ್ಯ ಹುಳಿಯ ಕೊಳದಪ್ಪಲೆಗೆ ಸೌಟು ಹಾಕಿ ತಿರುವುತ್ತಿದ್ದ.

"ಹೆಣ್ಣಿನ ತಂದೆ ಈ ಕಡೆ ಬಂದ್ರಾ?" ಎಂದು ಮಾರಯ್ಯ ಕೇಳಿದ. "ಮೇಯರ್ ಕರೀತಾವ್ರೆ."

ಪಾಪಯ್ಯ ಸೌಟು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಯಾಕಣ್ಣ, ಬೆಳಿಗ್ಗೆ ಏನೂ ತಿಂದಿಲ್ವಾ?"

ಇತ್ತ ಚಪ್ಪರದಲ್ಲಿ ಮೇಯರರು ಗಡಿಯಾರ ನೋಡಿಕೊಂಡು ಕೆಂಪಕ್ಕನ ಕಡೆ ಬಾಗಿದರು. "ಏನಮ್ಮ, ನಿಮ್ಮ ಯಜಮಾನ್ರ ಹೆಸರೇನು? ಮೈಕಲ್ಲಿ ಕೂಗಿಸೋಣ."

ಇದೊಂದು ಪೇಚು. ಗಂಡನ ಹೆಸರು ಹೇಳುವುದು ಅವರ ಪೈಕಿಯ ಹೆಂಗಸರಲ್ಲಿ ಇರಲಿಲ್ಲ. ರೇಷನ್ ಕಾರ್ಡಿನವರು ಮನೆಗೆ ಬಂದು ಕೇಳಿದರೂ ಕೆಂಪಕ್ಕ ಗೋವಿಂದಮ್ಮನನ್ನು ಕರೆದು ಅವಳ ಬಾಯಿಂದ ಹೇಳಿಸುತ್ತಿದ್ದಳು. ಇವತ್ತೂ ಗೋವಿಂದಮ್ಮ ಪಕ್ಕದಲ್ಲೇ ಇದ್ದಳು, ಬಾಯಿಯನ್ನೂ ತೆರೆದಳು. ಕೆಂಪಕ್ಕ ಅವಳನ್ನು ಸರಿಸಿ ಮೈಕಿನವನ ಹತ್ತಿರ ಹೋದಳು. ಹಾಡು ನಿಂತಿತು. ಮೈಕನ್ನು ಒನಕೆ ಹಿಡಿದಂತೆ ಎರಡು ಕೈಯಲ್ಲೂ ಹಿಡಿದುಕೊಂಡಳು.

"ಮಾರಯ್ಯನೋರು," ಎಂದಳು. ತಡೆದು ಮತ್ತೆ ಹೇಳಿದಳು. "ಮಾರಯ್ಯನೋರು ಎಲ್ಲಿದ್ರೂ ಹಸೆ ಹತ್ರ ಬರ್ಬೇಕು. ಇದು ನಿಮ್ ಮಗಳ ಮದುವೆ."

ತೆಂಗಿನ ಮರಕ್ಕೆ ಕಟ್ಟಿದ್ದ ಲೌಡ್ ಸ್ಪೀಕರು ಅದನ್ನು ಹೊಸಕೆರೆಹಳ್ಳಿಯವರೆಗೂ ಮುಟ್ಟಿಸಿತು. ಮಾರಯ್ಯ ಅಡುಗೆ ಒಲೆಯ ಮುಂದೆ ಇದ್ದಲ್ಲೇ ನಿಂತುಬಿಟ್ಟ. ಎಷ್ಟೋ ಮೇಯರುಗಳು ಆ ಹೆಸರು ಹಿಡಿದು ಕರೆದಿದ್ದರು, ಆಫೀಸರುಗಳು ಕೂಗಿದ್ದರು, ಡ್ರೈವರುಗಳು ಬೈದಿದ್ದರು. ಈ ದನಿಯಲ್ಲಿ ಆ ಹೆಸರನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಯಾರಿಗೋ ಏನೋ ಆಗಿಹೋಯಿತು ಎಂದುಕೊಂಡ. ಪೇಟ ಒಂದು ಕೈಯಲ್ಲಿ, ಪಂಚೆಯ ತುದಿ ಇನ್ನೊಂದು ಕೈಯಲ್ಲಿ ಹಿಡಿದು ಓಡಿ ಬಂದ. ಹೆಣ್ಣಿನ ತಂದೆ ಯಾರೆಂಬುದು ಅವನಿಗೆ ನೆನಪಾದದ್ದು ಓಡುತ್ತಿರುವಾಗ, ಬೀಗರ ಕೋಣೆ ದಾಟಿದ ಮೇಲೆ.

ಚಪ್ಪರದ ತುಂಬ ನಗು. ಮೇಯರರ ಮುಖ ಕೆಂಪಗಾಗಿತ್ತು. ಅವರು ಎದ್ದು ನಿಂತರು. "ಏನ್ರೀ ಇದು, ನಂಗೊಂದು ಮಾತು ಹೇಳ್ಬಾರ್ದಾ? ಕೂತ್ಕೊಳ್ರೀ."

"ತಾವು ಕೂತ್ಕೊಳಿ ಸಾರ್."

"ನೀವು ಮೊದ್ಲು ಕೂತ್ಕೊಳ್ರೀ."

"ತಾವು ನಿಂತಿದೀರಲ್ಲ ಸಾರ್."

ಹೆಣ್ಣಿನ ತಂದೆ ಕೂರುವ ಮುಂಚೆ ಕೂರುವುದು ಸಭ್ಯತೆಯಲ್ಲ ಎಂದು ಮೇಯರರು, ಮೇಯರು ಕೂರುವ ಮುಂಚೆ ಕೂರುವುದು ಸಾಧ್ಯವೇ ಇಲ್ಲ ಎಂದು ಮಾರಯ್ಯ, ಇಬ್ಬರೂ ನಿಂತರು. ಸಂಜೀವಯ್ಯ ಕೈಯಲ್ಲಿ ಗಿಂಡಿ ಹಿಡಿದು ಒಮ್ಮೆ ಇವರನ್ನು ಒಮ್ಮೆ ಅವರನ್ನು ನೋಡಿದರು. ಕೆಂಪಕ್ಕನೇ ಮುಂದೆ ಬಂದು ಕೈಮುಗಿದಳು.

"ಸ್ವಾಮಿ, ತಪ್ಪು ತಿಳೀಬ್ಯಾಡಿ. ನೀವು ಇರೋ ತನ್ಕ ಇವರು ಕೂರಲ್ಲ. ಕೂರೋಕೆ ಬರಲ್ಲ ಇವರ್ಗೆ. ನೀವೊಂದು ಗಳಿಗೆ ಒಳಗೆ ತಿಂಡಿಗೆ ಏಳಿ."

ನಗರದ ಮೇಯರರಿಗೆ ಒಳಗೆ ಹೋಗಿ ಎಂದವರು ಕೌನ್ಸಿಲ್ಲಿನ ವಿರೋಧ ಪಕ್ಷದಲ್ಲೂ ಇದ್ದಿರಲಿಕ್ಕಿಲ್ಲ. ಅವರು ಒಳ್ಳೆಯ ಮನುಷ್ಯ. ನೇರ ತಿಂಡಿಗೆ ನಡೆದರು. ಬೋರಣ್ಣ ಹಾರ ಹಿಡಿದುಕೊಂಡೇ ಹಿಂದೆ ಓಡಿದರು. ಮಾರಯ್ಯನ ಕಾಲೂ ಆ ಕಡೆಗೇ ತಿರುಗಿತು. ಆಗ ಜಯಾ ಹಸೆಯ ಮೇಲಿಂದ ಕೈ ಚಾಚಿ ಅಪ್ಪನ ಕೈ ಹಿಡಿದಳು.

"ಅಪ್ಪ, ಕೂತ್ಕೊ," ಎಂದಳು.

ಮಾರಯ್ಯ ಕೂತ. ಅವರಲ್ಲಿನ ಪದ್ಧತಿಯಂತೆ ಗಂಡಿನ ಬೊಗಸೆ, ಅದರ ಮೇಲೆ ಹೆಣ್ಣಿನ ಬೊಗಸೆ, ಎರಡಕ್ಕೂ ಕೆಳಗೆ ಆಸರೆಯಾಗಿ ತಂದೆಯ ಕೈ. ಮೇಲಿನಿಂದ ನೆಂಟರಿಷ್ಟರೆಲ್ಲ ಸಾಲಾಗಿ ಬಂದು ಹಾಲೆರೆಯಬೇಕು. ಮೊದಲು ಕೆಂಪಕ್ಕ ಎರೆದಳು. ಹಾಲು ಮಗಳ ಬೆರಳ ಸಂದಿಯಿಂದ ಇಳಿದು ಅವನ ಅಂಗೈಗೆ ಬಂದಾಗ ಮಾರಯ್ಯನಿಗೆ ಅಳು ತಡೆಯಲಾಗಲಿಲ್ಲ. ಮಗಳ ಮುಖ ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಮೀಸೆಯೆಲ್ಲ ಒದ್ದೆಯಾಯಿತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಮಾವ, ಚಿಕ್ಕಪ್ಪ, ಬೀಗರು, ಗೋವಿಂದಮ್ಮ, ಒಬ್ಬೊಬ್ಬರಾಗಿ ಎರೆದು ಮುಂದಕ್ಕೆ ಹೋದರು. ಜನ ಪಕ್ಕಕ್ಕೆ ಸರಿಯುವ ಸದ್ದು ಕೇಳಿ ತಲೆ ಎತ್ತಿದ. ಸಾಲಿನಲ್ಲಿ ನಿಂತು, ಸರದಿ ಬಂದ ಮೇಲೆ, ಮೇಯರರು ಎದುರಿಗೆ ಬಂದಿದ್ದರು.

ಕಾಲು ಏಳಲು ಹವಣಿಸಿತು. ಆದರೆ ಎದ್ದರೆ ಬೊಗಸೆ ಕದಲುತ್ತದೆ, ಮಗಳ ಧಾರೆಯ ಹಾಲು ನೆಲದ ಪಾಲಾಗುತ್ತದೆ. ಕೆಂಪಕ್ಕ ಅವನ ಕಾಲನ್ನೇ ನೋಡುತ್ತಿದ್ದಳು. ಮೇಯರರು ಬಾಗಿ ಹಾಲೆರೆದರು. ಮಾರಯ್ಯ ಕೂತಲ್ಲಿಂದಲೇ, ಕಂಬವನ್ನೂ ಗೋಡೆಯನ್ನೂ ಬಿಟ್ಟು, ಅವರ ಮುಖವನ್ನೇ ನೋಡಿದ.

"ತಿಂಡಿ ತಿಂದ್ರಾ ಸಾರ್?" ಎಂದು ಕೇಳಿದ.

"ಆಯ್ತು ಮಾರಯ್ಯ, ಚೆನ್ನಾಗಿತ್ತು."

"ಊಟ ಮಾಡ್ಕೊಂಡೇ ಹೋಗ್ಬೇಕು ಸಾರ್," ಎಂದ ಹೆಣ್ಣಿನ ತಂದೆ. "ನಮ್ಮನೆ ಮದುವೆ."